ಮತ್ತು ಇತರರು

ಆ ದಿನದ ಫಜೀತಿಗೆಲ್ಲ ಕಾರಣ ಕೆಂಪು ಶಾಯಿಯ ಒಂದು ಸುತ್ತು ಮತ್ತು ಅದರ ಪಕ್ಕದಲ್ಲಿ ಬರೆದ 'ಯಾರು?' ಎಂಬ ಪುಟ್ಟ ಪ್ರಶ್ನೆ.

ಸುತ್ತು ಹಾಕಿದವರು ಮೇಷ್ಟ್ರ ಗೈಡ್. ಮೇಷ್ಟ್ರು ಕಾಲೇಜೊಂದರಲ್ಲಿ ಹಂಗಾಮಿ ಉಪನ್ಯಾಸಕರು. ಹಂಗಾಮಿಯಾಗಿಯೇ ಕೂದಲು ನರೆಸಿಕೊಂಡವರು. ಪಿಎಚ್.ಡಿ. ಮುಗಿಸಿದರೆ ಕೆಲಸ ಕಾಯಂ ಮಾಡುತ್ತೇವೆಂದು ಪ್ರಿನ್ಸಿಪಾಲರು ಮಾತು ಕೊಟ್ಟಿದ್ದರು. ಪ್ರಬಂಧ ಸಲ್ಲಿಸಲು ಅಂದೇ ಕೊನೆಯ ದಿನ. ಅವಧಿ ವಿಸ್ತರಿಸಿ ವಿಸ್ತರಿಸಿ ವಿಶ್ವವಿದ್ಯಾಲಯಕ್ಕೇ ಬೇಸರ ಬಂದಿತ್ತು. ಸಂಜೆ ಕಚೇರಿ ಬಾಗಿಲು ಹಾಕುವುದರೊಳಗೆ ಪ್ರಬಂಧ ಕೌಂಟರಿನ ಮೇಲೆ ಬೀಳದಿದ್ದರೆ ನೋಂದಣಿ ರದ್ದು. ಜೊತೆಗೆ ಕಾಯಂ ಕೆಲಸದ ಆಸೆಯೂ ರದ್ದು.

ಗೈಡ್ ಪ್ರಬಂಧಗಳನ್ನು ಹಿಂದಿನಿಂದ ಓದುವವರು. ಮೊದಲು ಆಕರ ಗ್ರಂಥಗಳ ಪಟ್ಟಿ. ಲೇಖಕರ ಹೆಸರಾದ ಮೇಲೆ ಅಲ್ಪವಿರಾಮವಿದೆಯೇ, ವರ್ಷವನ್ನು ಕಂಸದಲ್ಲಿ ಇಟ್ಟಿದ್ದಾರೆಯೇ, ಪುಸ್ತಕದ ಹೆಸರು ಓರೆ ಅಕ್ಷರದಲ್ಲಿದೆಯೇ ಎಂದೆಲ್ಲ ನೋಡಿ ತೃಪ್ತಿಯಾದರೆ ಮಾತ್ರ ಮುಂದಿನ ಪುಟಗಳಿಗೆ ಬರುತ್ತಿದ್ದರು. ಅಷ್ಟು ತೃಪ್ತಿ ಅವರಿಗೆ ಯಾವತ್ತೂ ಆಗಿರಲಿಲ್ಲ. ಅವರ ಕೈಕೆಳಗೆ ಪಳಗಿದ ಮೇಷ್ಟ್ರಿಗೆ ಹಾಲಿನ ಪ್ಯಾಕೆಟ್ಟಿನ ಮೇಲಿನ ತಾರೀಕು ಕಂಸದಲ್ಲಿ ಇಲ್ಲದಿದ್ದರೂ ಕಣ್ಣು ಚುಚ್ಚುತ್ತಿತ್ತು. ಅಂತೂ ಈ ಸಲ ಪಟ್ಟಿಯಲ್ಲಿ ಒಂದು ಚುಕ್ಕಿಯೂ ಆಚೀಚೆ ಆಗದಂತೆ ತಿದ್ದಿ ತಂದಿದ್ದರು. ತಪ್ಪು ಮಾಡಿದ್ದೇ ಅಲ್ಲಿ. ಪಟ್ಟಿಯಲ್ಲಿ ಹುಡುಕಲು ಏನೂ ಸಿಗದೆ, ಗೈಡ್ ಜೀವನದಲ್ಲೇ ಮೊದಲ ಸಲ ಪ್ರಬಂಧದ ಒಳಕ್ಕೆ ಬಂದರು. ಬಂದವರು ಕೊನೆಯ ಅಧ್ಯಾಯದಲ್ಲಿ ನಿಂತರು.

ಪ್ರಬಂಧದ ವಿಷಯ ಮೇಷ್ಟ್ರು ವಾಸವಿದ್ದ ಹಳೆಯ ವಠಾರ. ಮೂರು ಅಂತಸ್ತು, ನಾಲ್ಕು ಮನೆ, ಎಲ್ಲರಿಗೂ ಒಂದೇ ಮೆಟ್ಟಿಲು. ಈ ಕಟ್ಟಡದಲ್ಲಿ ಜಗಳಗಳು ನಡೆಯುತ್ತವೆ, ಆದರೆ ಯಾರೂ ಯಾರೊಂದಿಗೂ ಮಾತು ಬಿಟ್ಟಿಲ್ಲ, ಇದೇ ನೆರೆಹೊರೆಯ ಮಾದರಿ ಎಂದು ಮೇಷ್ಟ್ರು ವರ್ಷಗಟ್ಟಲೆ ಕೂತು ಸಾಧಿಸಿದ್ದರು. ಏಕೆ ಮಾತು ಬಿಡುವುದಿಲ್ಲ ಎಂಬ ಪ್ರಶ್ನೆಗೆ ಉತ್ತರವಾಗಿ ಇಡೀ ಪ್ರಬಂಧವನ್ನು ಒಂದೇ ಮಾತಿನ ಮೇಲೆ ನಿಲ್ಲಿಸಿದ್ದರು. ಆ ಮಾತು ಉದ್ಧರಣ ಚಿಹ್ನೆಗಳ ನಡುವೆ ಹೀಗಿತ್ತು: 'ಪಕ್ಕದ ಮನೆಯವರ ಜೊತೆ ಮಾತು ಬಿಟ್ಟರೆ ಅವರ ಮನೆ ಸದ್ದೆಲ್ಲ ಇನ್ನೂ ಜೋರಾಗಿ ಕೇಳಿಸುತ್ತೆ, ಅದಕ್ಕೇ ನಾವು ಮಾತು ಬಿಡಲ್ಲ.' ಆಕರ ಎಂಬಲ್ಲಿ 'ಒಬ್ಬ ಹಿರಿಯ ಮಹಿಳೆ' ಎಂದಿತ್ತು.

"ಯಾರಯ್ಯಾ ಈ ಹಿರಿಯ ಮಹಿಳೆ?" ಎಂದು ಗೈಡ್ ಕನ್ನಡಕ ಹಣೆಗೆ ಏರಿಸಿದರು. "ಪುಸ್ತಕಕ್ಕೆ ಇಷ್ಟೆಲ್ಲ ವಿವರ ಕೊಡ್ತೀಯ, ಜೀವ ಇರೋ ಮನುಷ್ಯರಿಗೆ ಒಂದು ಹೆಸರಿಲ್ವಾ? ಹೆಸರು ಬೇಕು, ಹೇಳಿದ್ದು ನಾನೇ ಅಂತ ಅವರ ಸಹಿ ಬೇಕು. ಅದು ಬಂದ್ರೆ ನನ್ನ ಸಹಿ."

ಆ ವಾಕ್ಯವನ್ನೇ ತೆಗೆದುಬಿಟ್ಟರೆ ಹೇಗೆ ಎಂದು ಮೇಷ್ಟ್ರು ಮೆಲ್ಲಗೆ ಕೇಳಿದರು. ತೆಗೆದರೆ ಉಳಿಯುವುದು ಬರೀ ರಟ್ಟು ಎಂದು ಗೈಡ್ ಪುಟವನ್ನು ಅವರ ಕೈಗಿತ್ತರು.

ಮೇಷ್ಟ್ರಿಗೆ ಹೆಸರು ಗೊತ್ತಿದ್ದರೆ ಬರೆಯುತ್ತಿರಲಿಲ್ಲವೇ? ಒಂದು ಸಂಜೆ ಕರೆಂಟು ಹೋಗಿ, ವಠಾರದವರೆಲ್ಲ ಮೆಟ್ಟಿಲ ಮೇಲೆ ಕೂತು ಹರಟುತ್ತಿದ್ದಾಗ, ಕತ್ತಲಲ್ಲಿ ಯಾರೋ ಆಡಿದ ಮಾತದು. ಮೇಷ್ಟ್ರ ಕಿವಿ ನೆಟ್ಟಗಾಗಿ, ಮರೆಯುವ ಮೊದಲು ಬರೆದುಕೊಳ್ಳಲು ಒಳಗೆ ಓಡಿದ್ದರು. ಪೆನ್ನು ಸಿಗುವಷ್ಟರಲ್ಲಿ ಕರೆಂಟು ಬಂದು, ಜನರೆಲ್ಲ ಎದ್ದು ಹೋಗಿದ್ದರು. ದನಿ ಹೆಂಗಸಿನದು, ಅನುಭವ ಹಿರಿಯರದು ಎಂದು ಲೆಕ್ಕ ಹಾಕಿ ಮೇಷ್ಟ್ರೇ ಒಬ್ಬ ಹಿರಿಯ ಮಹಿಳೆಯನ್ನು ಕೂರಿಸಿದ್ದರು.

ಮನೆಗೆ ಬಂದವರೇ ನೇರ ಅತ್ತೆಯ ಹತ್ತಿರ ಹೋದರು. ಮಗಳ ಮನೆಯಲ್ಲೇ ಇದ್ದ ಅತ್ತೆ ಒಗೆದ ಬಟ್ಟೆ ಮಡಚುತ್ತಿದ್ದರು. ಮಾತಿನಲ್ಲಿ ಅವರದು ಎತ್ತಿದ ಕೈ; ಇಂಥ ಮಾತು ಅವರದೇ ಇರಬೇಕೆಂದು ಮೇಷ್ಟ್ರಿಗೆ ಮುಕ್ಕಾಲು ಪಾಲು ನಂಬಿಕೆ. ಪುಟ ಓದಿ ಹೇಳಿ ಪೆನ್ನು ಮುಂದೆ ಹಿಡಿದರು.

ಅತ್ತೆ ಮಡಚುತ್ತಿದ್ದ ಟವೆಲನ್ನು ಪಕ್ಕಕ್ಕಿಟ್ಟರು. "ನಾನಾ ಹೇಳಿದ್ದು? ಯಾರ ಮನೆ ಸದ್ದು ಅಂತ ಕೇಳಿದ್ರೆ ಏನ್ ಹೇಳ್ಲಿ? ತನ್ನ ಪಿಟೀಲಿನ ಬಗ್ಗೆನೇ ಹೇಳಿದ್ದು ಅಂತ ಮೇಲಿನ ಟೀಚರ್ ತಿಳ್ಕೊಳ್ಳಲ್ವಾ? ನನ್ನ ಹೆಸರು ಎಳೀಬೇಡಿ ಅಳಿಯಂದ್ರೇ, ನಾನು ಯಾರ ತಂಟೆಗೂ ಹೋಗೋಳಲ್ಲ."

ಎದುರು ಮನೆಯಲ್ಲಿ ನಿವೃತ್ತ ಬ್ಯಾಂಕ್ ಮ್ಯಾನೇಜರ್, ಅವರ ಹೆಂಡತಿ. ಮ್ಯಾನೇಜರಮ್ಮ ಪುಟವನ್ನು ಬಾಗಿಲ ಬೆಳಕಿಗೆ ಹಿಡಿದು ಓದಿದರು. ಇದು ಕೆಳಮನೆಯ ಹೊಲಿಗೆ ಮೆಷಿನ್ನಿನ ವಿಷಯವೆಂದು ಟೈಲರಮ್ಮ ಭಾವಿಸಿದರೆ ತಮ್ಮ ಪರದೆಗಳನ್ನು ಹೊಲಿದುಕೊಡುವವರು ಯಾರು ಎಂದು ಕೇಳಿದರು. ಕೆಳಗೆ ಟೈಲರಮ್ಮ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ತಲೆಯಾಡಿಸಿದಳು; ಮ್ಯಾನೇಜರರ ರೇಡಿಯೋ ಬಗ್ಗೆ ತಾನು ಒಂದಕ್ಷರ ಆಡಿದವಳಲ್ಲ ಎಂದು ಪಿನ್ನು ತೆಗೆದ ಮೇಲೆ ಸ್ಪಷ್ಟಪಡಿಸಿದಳು. ಮೇಲಿನ ಅಂತಸ್ತಿನ ಪಿಟೀಲು ಟೀಚರ್ ಪುಟವನ್ನು ಪೂರ್ತಿ ಓದಲೂ ಇಲ್ಲ. 'ಹಿರಿಯ ಮಹಿಳೆ' ಎಂಬಲ್ಲಿಗೆ ಬಂದೊಡನೆ ಮೇಷ್ಟ್ರ ಮುಖವನ್ನೊಮ್ಮೆ ನೋಡಿ ಬಾಗಿಲು ಹಾಕಿಕೊಂಡರು.

ಮೇಷ್ಟ್ರು ತಲೆ ಮೇಲೆ ಕೈ ಹೊತ್ತು ಸೋಫಾದಲ್ಲಿ ಕುಸಿದರು. ನಾಲ್ಕು ಮನೆಯ ಕಟ್ಟಡದಲ್ಲಿ ಆ ಮಾತನ್ನು ಆಡಿದವರೇ ಇಲ್ಲ. ಪ್ರಬಂಧ ಸಲ್ಲಿಸುವ ಸಂಭ್ರಮಕ್ಕೆಂದು ರಜೆ ಹಾಕಿ ಮನೆಯಲ್ಲಿದ್ದ ಹೆಂಡತಿ ಇದನ್ನೆಲ್ಲ ನೋಡುತ್ತಿದ್ದಳು.

"ಅಲ್ಲಾ ರೀ, ಸಹಿ ಹಾಕಿ ಅಂತ ಕಾಗದ ಹಿಡ್ಕೊಂಡು ಹೋದ್ರೆ ಪೊಲೀಸ್ ಸಾಕ್ಷಿ ಅಂದ್ಕೋತಾರೆ," ಎಂದಳು. "ಪುಸ್ತಕದಲ್ಲಿ ಹೆಸರು ಅಚ್ಚಾಗುತ್ತೆ ಅಂತ ಹೇಳಿದ್ರಾ? ಇಲ್ಲ ತಾನೆ? ನೀವು ಸುಮ್ನೆ ಕೂತಿರಿ."

ಅವಳು ಕಸದ ಬುಟ್ಟಿ ಹಿಡಿದು ಕೆಳಗಿಳಿದಳು. ದಾರಿಯಲ್ಲಿ ಟೈಲರಮ್ಮನ ಜೊತೆ ಎರಡು ಮಾತಾಡಿದಳು. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ಗಾಜಿನ ಬೀರುವಿನೊಳಗೆ, ಲೋಕ ಇರುವವರೆಗೂ ಆ ಹೆಸರು ಇರುತ್ತದಂತೆ ಎಂದಷ್ಟೇ ಹೇಳಿ ಬುಟ್ಟಿ ಖಾಲಿ ಮಾಡಿ ಬಂದಳು. ಮೇಷ್ಟ್ರಿಗೆ ಕೊಟ್ಟ ಚಹಾ ಇನ್ನೂ ಆರಿರಲಿಲ್ಲ.

ಮೊದಲು ಮೆಟ್ಟಿಲ ಬಳಿಯ ಬಾಗಿಲಿಗೆ ಬಂದವಳು ಟೈಲರಮ್ಮ. ಯೋಚನೆ ಮಾಡಿದ ಮೇಲೆ ನೆನಪಾಯಿತಂತೆ. ಆ ಸಂಜೆ ಕೊನೆಯ ಮೆಟ್ಟಿಲ ಮೇಲೆ ಕೂತು ತಾನೇ ಆ ಮಾತು ಹೇಳಿದ್ದಂತೆ. ಅವಳ ಹಿಂದೆಯೇ ಬಂದ ಮ್ಯಾನೇಜರಮ್ಮನಿಗೂ ನೆನಪಾಗಿತ್ತು. ಅವರ ಹಿಂದೆ ಬಂದ ಮ್ಯಾನೇಜರ್, ಮದುವೆಯಾದ ಹೊಸತರಲ್ಲಿ ಹೆಂಡತಿಗೆ ಈ ಮಾತು ಹೇಳಿಕೊಟ್ಟವನೇ ತಾನೆಂದೂ, ಮೂಲ ಹುಡುಕುವುದಾದರೆ ಪೂರ್ತಿ ಹುಡುಕಬೇಕೆಂದೂ ಗಂಟಲು ಸರಿಪಡಿಸಿಕೊಂಡು ಹೇಳಿದರು. ಹಿರಿಯ ಮಹಿಳೆಯ ಜಾಗದಲ್ಲಿ ನೀವು ಹೇಗೆ ಕೂರುತ್ತೀರಿ ಎಂದು ಮ್ಯಾನೇಜರಮ್ಮ ಕೇಳಿದ ಮೇಲೆ ಅವರು ಹೆಂಡತಿಯ ಪರ ವಕಾಲತ್ತಿಗೆ ಇಳಿದರು. ಅಷ್ಟರಲ್ಲಿ ಪಿಟೀಲು ಟೀಚರ್ ಇಳಿದು ಬಂದು, ಮಾತು ತನ್ನದೇ, 'ಹಿರಿಯ' ಎಂಬ ಶಬ್ದವೊಂದನ್ನು ತೆಗೆದರೆ ಸಹಿಗೆ ಅಭ್ಯಂತರವಿಲ್ಲ ಎಂದರು.

ಒಳಗಿನಿಂದ ಅತ್ತೆ ಬಂದರು. "ನನ್ನ ಅಳಿಯ ಬರೆದ ಪುಸ್ತಕದಲ್ಲಿ ಕಂಡೋರ ಹೆಸರಾ?" ಎಂದು ಮೆಟ್ಟಿಲ ಮೇಲೆ ಕೂತರು. "ಹೇಳಿದ್ದು ನಾನೇ. ಬೆಳಿಗ್ಗೆ ಸಂಕೋಚಕ್ಕೆ ಇಲ್ಲ ಅಂದೆ."

ಬೆಳಿಗ್ಗೆ ಒಬ್ಬರೂ ಇಲ್ಲದ ಕಡೆ ಮಧ್ಯಾಹ್ನಕ್ಕೆ ನಾಲ್ಕು ಜನ. ಮೇಷ್ಟ್ರಿಗೆ ನಿಜಕ್ಕೂ ಸಂತೋಷವಾಯಿತು. ಅವತ್ತು ಕತ್ತಲಲ್ಲಿ ಎಲ್ಲರೂ ಇದ್ದದ್ದು ನಿಜ, ಮಾತು ಎಲ್ಲರದೂ ಅಂತಲೇ ಇಟ್ಟುಕೊಳ್ಳೋಣ, ನಾಲ್ವರ ಹೆಸರನ್ನೂ ಹಾಕುತ್ತೇನೆ ಎಂದು ಘೋಷಿಸಿದರು. ಎಲ್ಲರ ಮುಖವೂ ಅರಳಿತು. ಅತ್ತೆ ಎಲ್ಲರಿಗೂ ಚಹಾ ಮಾಡಿಸಿದರು. ಮೇಷ್ಟ್ರು ಕಂಪ್ಯೂಟರ್ ಮುಂದೆ ಕೂತು, ಖುಷಿಯಲ್ಲಿ ಶಿಳ್ಳೆ ಹಾಕುತ್ತ ಪುಟ ತಿದ್ದಿ, ಸಹಿಗೆ ಮೊದಲು ಒಮ್ಮೆ ಕೇಳಿಬಿಡಿ ಎಂದು ಓದಿ ಹೇಳಿದರು. ಓದದೇ ಸಹಿ ಹಾಕಿಸಿದ್ದರೆ ಬದುಕಿಕೊಳ್ಳುತ್ತಿದ್ದರೇನೋ. ಆದರೆ ಪ್ರಾಮಾಣಿಕತೆಯ ಚಟ ಇತ್ತು.

ಪುಟದಲ್ಲಿ ಪಿಟೀಲು ಟೀಚರ ಹೆಸರಿತ್ತು. ಅದರ ಮುಂದೆ 'ಮತ್ತು ಇತರರು' ಎಂದಿತ್ತು.

"ಇತರರು ಅಂದ್ರೆ ಯಾರು?" ಎಂದು ಟೈಲರಮ್ಮ ಕೇಳಿದಳು.

ಮೇಷ್ಟ್ರು ತಾಳ್ಮೆಯಿಂದ ವಿವರಿಸಿದರು. ಒಂದು ಮಾತಿಗೆ ಮೂರಕ್ಕಿಂತ ಹೆಚ್ಚು ಜನ ಒಡೆಯರಿದ್ದರೆ ಮೊದಲನೆಯವರ ಹೆಸರು ಮಾತ್ರ ಬರೆಯಬೇಕು, ಉಳಿದವರು ಇತರರು. ಇದು ಪ್ರಪಂಚದ ಎಲ್ಲ ವಿದ್ವಾಂಸರೂ ಒಪ್ಪಿದ ಕ್ರಮ, ಮೊದಲನೆಯವರು ಯಾರೆಂಬುದು ಅಕ್ಷರಮಾಲೆಯ ಪ್ರಕಾರ, ಟೀಚರ ಹೆಸರು ಅಕಾರದಿಂದ ಶುರುವಾಗುತ್ತದೆ, ಇದರಲ್ಲಿ ತನ್ನ ಕೈವಾಡ ಏನೂ ಇಲ್ಲ ಎಂದರು.

ಟೀಚರ್ ಅಕ್ಷರಮಾಲೆಯ ಬಗ್ಗೆ ಗೌರವದಿಂದ ತಲೆಯಾಡಿಸಿದರು. ಉಳಿದ ಮೂವರು ಆಡಿಸಲಿಲ್ಲ.

ಹಕಾರದಲ್ಲಿ ಹುಟ್ಟಿದ ಅತ್ತೆಗೆ ಎಲ್ಲಕ್ಕಿಂತ ಹೆಚ್ಚು ನೋವಾಯಿತು. ವಯಸ್ಸಿನಲ್ಲಿ ಎಲ್ಲರಿಗಿಂತ ದೊಡ್ಡವಳು ನಾನು, ಹಿರಿಯ ಮಹಿಳೆ ಎಂದು ನೀವೇ ಬರೆದಿರುವಾಗ ಅಕ್ಷರ ಎಲ್ಲಿಂದ ಬಂತು ಎಂದರು. ಈ ಕಟ್ಟಡಕ್ಕೆ ಮೊದಲು ಬಂದವರು ನಾವು, ಬ್ಯಾಂಕಿನಲ್ಲೂ ಸೇವಾ ಹಿರಿತನವನ್ನೇ ನೋಡುವುದು ಎಂದು ಮ್ಯಾನೇಜರ್ ಹೆಂಡತಿಯ ಪರವಾಗಿ ವಾದಿಸಿದರು. ಮೆಟ್ಟಿಲು ಶುರುವಾಗುವುದೇ ತನ್ನ ಬಾಗಿಲಿಂದ, ತನ್ನನ್ನು ದಾಟದೆ ಯಾರೂ ಮೇಲೆ ಹೋಗುವ ಹಾಗಿಲ್ಲ ಎಂದು ಟೈಲರಮ್ಮ ಹೇಳಿದ್ದರಲ್ಲೂ ನ್ಯಾಯ ಇತ್ತು. ನಾಲ್ವರ ಹೆಸರನ್ನೂ ಪೂರ್ತಿ ಬರೆದುಬಿಡಬಹುದೇ ಎಂದು ಮೇಷ್ಟ್ರು ಗೈಡ್‌ಗೆ ಫೋನ್ ಮಾಡಿದರು. ನಿಯಮ ಮುರಿದರೆ ಸಹಿ ಇಲ್ಲ ಎಂದು ಗೈಡ್ ಫೋನ್ ಇಟ್ಟರು.

ಗಡಿಯಾರ ಓಡುತ್ತಿತ್ತು. ಒಂದು ಹೆಸರನ್ನು ಬಿಟ್ಟರೆ ಮೂರಾಗಿ ಉಳಿದೆಲ್ಲ ಹೆಸರೂ ಬರುತ್ತವಲ್ಲ ಎಂದು ಮೇಷ್ಟ್ರಿಗೆ ಹೊಳೆಯಿತು. ಅದನ್ನು ಬಾಯಿಬಿಟ್ಟು ಹೇಳಿಯೂ ಬಿಟ್ಟರು. ಯಾರನ್ನು ಬಿಡುತ್ತೀರಿ ಎಂದು ನಾಲ್ವರೂ ಒಟ್ಟಿಗೆ ಕೇಳಿದರು. ಅಲ್ಲಿಂದ ಮಾತು ದಾರಿ ತಪ್ಪಿತು. ಪಿಟೀಲು, ಮೆಷಿನ್ನು, ರೇಡಿಯೋ, ಅತ್ತೆ ಬೆಳಗಿನ ಜಾವದಲ್ಲಿ ಎಳೆಯುವ ಕಬ್ಬಿಣದ ಕುರ್ಚಿ, ಹೀಗೆ ಒಂದೊಂದಾಗಿ ಮೆಟ್ಟಿಲಿಗೆ ಬಂದವು. ಇಷ್ಟು ವರ್ಷ ಯಾರೂ ಹೇಳದೆ ನುಂಗಿಕೊಂಡಿದ್ದೆಲ್ಲ ಹೊರಬಿತ್ತು. ಯಾರ ದನಿಯೂ ಏರಲಿಲ್ಲ. ಅದೇ ಕೆಟ್ಟ ಲಕ್ಷಣ ಎಂದು ಮೇಷ್ಟ್ರಿಗೆ ಹೊಳೆಯಬೇಕಿತ್ತು.

ಕೊನೆಗೆ ಮೇಷ್ಟ್ರು ಧೈರ್ಯ ಮಾಡಿ, ಸಹಿ ಹಾಕದವರು ಇತರರಲ್ಲೂ ಇರುವುದಿಲ್ಲ ಎಂದರು. ಅದು ಕೆಲಸ ಮಾಡಿತು. ಟೀಚರ್ ಸಹಿ ಹಾಕಿ ಪೆನ್ನನ್ನು ಮೆಟ್ಟಿಲ ಮೇಲಿಟ್ಟರು. ಮ್ಯಾನೇಜರಮ್ಮ ಅದನ್ನು ಎತ್ತಿಕೊಂಡು ಸಹಿ ಹಾಕಿ ಮತ್ತೆ ಮೆಟ್ಟಿಲ ಮೇಲಿಟ್ಟರು. ಟೈಲರಮ್ಮ ತನ್ನದೇ ಪೆನ್ನು ತಂದಳು. ಅತ್ತೆ ಕನ್ನಡಕ ಒರೆಸಿ ಒರೆಸಿ, ಉಳಿದ ಮೂರು ಸಹಿಗಳಿಗಿಂತ ದೊಡ್ಡದಾಗಿ ಬರೆದರು. ಯಾರೂ ಯಾರ ಮುಖವನ್ನೂ ನೋಡದೆ ಒಳಗೆ ಹೋದರು.

ಮೇಷ್ಟ್ರಿಗೆ ಒಂದು ಕ್ಷಣ ಕಸಿವಿಸಿಯಾಯಿತು. ಆದರೆ ಮೂರನೆಯ ಅಧ್ಯಾಯದಲ್ಲಿ ತಾವೇ ಬರೆದದ್ದು ನೆನಪಿಗೆ ಬಂತು: ಇವರ ಮುನಿಸು ಒಂದು ಪಾತ್ರೆ ಹಾಲು ಕಾಯುವಷ್ಟು ಹೊತ್ತು. ತಮ್ಮ ಸಂಶೋಧನೆಯ ಮೇಲೆ ಅವರಿಗೆ ಪೂರ್ಣ ವಿಶ್ವಾಸವಿತ್ತು. ಪ್ರಬಂಧವನ್ನು ಎದೆಗವಚಿಕೊಂಡು ಓಡಿದರು.

ಗೈಡ್ ಹೊಸ ಪುಟ ನೋಡಿ, 'ಮತ್ತು ಇತರರು' ಎಂಬುದರ ಮೇಲೆ ಮಗುವಿನ ಕೆನ್ನೆ ಸವರುವಂತೆ ಬೆರಳಾಡಿಸಿದರು. ಇದಕ್ಕೇ ನಾನು ಹೇಳುವುದು, ಆಕರ ಸರಿಯಿದ್ದರೆ ಪ್ರಬಂಧಕ್ಕೆ ಒಂದು ಕಳೆ ಬರುತ್ತದೆ ಎಂದು ಸಹಿ ಹಾಕಿದರು.

ಕಚೇರಿಯಲ್ಲಿ ಮೇಷ್ಟ್ರು ಕೊನೆಯವರು. ಕೌಂಟರಿನ ಪಕ್ಕದಲ್ಲಿ ಹೊಸದಾಗಿ ಒಂದು ಮೇಜು ಬಂದಿತ್ತು. ಅದರ ಮೇಲೆ 'ಸಂಶೋಧನಾ ನೀತಿ ವಿಭಾಗ' ಎಂಬ ಫಲಕ, ಹಿಂದೆ ಒಬ್ಬ ಅಧಿಕಾರಿಣಿ. ಮನುಷ್ಯರನ್ನು ಮಾತಾಡಿಸಿ ಬರೆದ ಪ್ರಬಂಧಗಳೆಲ್ಲ ಈಗ ಅವರ ಕಣ್ಣು ದಾಟಿ ಹೋಗಬೇಕಂತೆ. ಈ ಬಗ್ಗೆ ಸುತ್ತೋಲೆ ಬಂದಿತ್ತು. ಆದರೆ ಗೈಡ್ ಸುತ್ತೋಲೆಗಳಲ್ಲಿ ಅಲ್ಪವಿರಾಮ ತಿದ್ದುತ್ತಿದ್ದರೇ ಹೊರತು ವಿಷಯ ಓದುತ್ತಿರಲಿಲ್ಲ.

ಅಧಿಕಾರಿಣಿ ಕೊನೆಯ ಅಧ್ಯಾಯಕ್ಕೆ ಬಂದು ನಿಂತರು.

"ಇದೇನು, ಮಾಹಿತಿ ಕೊಟ್ಟವರ ಹೆಸರು ಅಚ್ಚು ಹಾಕಿದ್ದೀರಿ?" ಎಂದು ಅವರು ಮೃದುವಾಗಿ ಕೇಳಿದರು. "ಇವರು ನಾಳೆಯೂ ಅದೇ ಮನೇಲಿ, ಅದೇ ಜನದ ಮಧ್ಯೆ ಬದುಕಬೇಕಲ್ವಾ? ಹೆಸರಿನಿಂದ ಅವರಿಗೆ ತೊಂದರೆ ಆಗಬಾರದು. ಯಾರು ಅಂತ ಗೊತ್ತಾಗದ ಹಾಗೆ ಬರೀರಿ."

ಹೇಗೆ ಬರೆಯಬೇಕೆಂದು ಮೇಷ್ಟ್ರು ಕೇಳಿದರು.

ಅಧಿಕಾರಿಣಿ ಸ್ವಲ್ಪ ಯೋಚಿಸಿದರು. "ಒಬ್ಬ ಹಿರಿಯ ಮಹಿಳೆ ಅಂತ ಹಾಕಿ. ಚೆನ್ನಾಗಿರುತ್ತೆ."

ಮೇಷ್ಟ್ರು ಎದುರಿನ ಜೆರಾಕ್ಸ್ ಅಂಗಡಿಗೆ ಓಡಿ, ಬೆಳಗಿನ ಪುಟವನ್ನೇ, ಕೆಂಪು ಸುತ್ತಿಲ್ಲದೆ, ಹೊಸದಾಗಿ ಅಚ್ಚು ಹಾಕಿಸಿಕೊಂಡು ಬಂದರು. ಗೈಡ್‌ಗೆ ಅಲ್ಲಿಂದಲೇ ಫೋನ್ ಮಾಡಿದಾಗ ಅವರು ನಿಯಮ ನಿಯಮವೇ ಎಂದು ನೊಂದ ದನಿಯಲ್ಲಿ ಒಪ್ಪಿದರು. ಕೌಂಟರಿನವನು ಪ್ರಬಂಧ ತೆಗೆದುಕೊಂಡು ರಸೀತಿ ಹರಿದುಕೊಟ್ಟು ಬಾಗಿಲು ಹಾಕಿದ.

ರಸ್ತೆಗೆ ಬಂದಾಗ ಮೇಷ್ಟ್ರಿಗೆ ಅಳು ಬರುವಷ್ಟು ಹಗುರಾಗಿತ್ತು. ಎಷ್ಟೋ ವರ್ಷಗಳ ಭಾರ ಇಳಿದಿತ್ತು. ವಠಾರದವರ ಬಗ್ಗೆಯೂ ಚಿಂತೆಯಿರಲಿಲ್ಲ. ಜಗಳ ಹುಟ್ಟಿದ್ದು ಹೆಸರಿನಿಂದ. ಈಗ ಯಾರ ಹೆಸರೂ ಇಲ್ಲ. ಆದ್ದರಿಂದ ಜಗಳವೂ ಇಲ್ಲ. ತರ್ಕ ಪ್ರಬಂಧದಷ್ಟೇ ಗಟ್ಟಿಯಾಗಿತ್ತು.

ಮೆಟ್ಟಿಲ ಬುಡದಲ್ಲಿ ನಿಂತು ಮೇಷ್ಟ್ರು ಎಲ್ಲರನ್ನೂ ಕರೆದರು. ನಾಲ್ಕು ಬಾಗಿಲು ತೆರೆದವು, ಆದರೆ ಹೊಸ್ತಿಲು ದಾಟಿ ಯಾರೂ ಬರಲಿಲ್ಲ. ಪುಸ್ತಕದಲ್ಲಿ ಯಾರ ಹೆಸರೂ ಬರುವುದಿಲ್ಲ, ಎಲ್ಲರೂ ಸಮಾನರು ಎಂದು ಮೇಷ್ಟ್ರು ಸಂತೋಷದಿಂದ ಸಾರಿದರು.

ಪಿಟೀಲು ಟೀಚರ್ ಮೇಲಿನಿಂದ ಬಗ್ಗಿ ನೋಡಿದರು. "ಸಹಿ ಹಾಕಿದ್ಮೇಲೆ ನನ್ನ ಹೆಸರು ತೆಗೆಸಿದವರು ಯಾರು ಅಂತ ನನಗೆ ಗೊತ್ತು, ಮೇಷ್ಟ್ರೇ," ಎಂದು ಬಾಗಿಲು ಹಾಕಿಕೊಂಡರು. ತಮ್ಮನ್ನು ಇತರರಿಂದಲೂ ತೆಗೆಸಬೇಕಾದರೆ ಮೇಲಿನವರ ಕೈ ಎಷ್ಟು ಉದ್ದ ಇರಬೇಕು ಎಂದು ಮ್ಯಾನೇಜರಮ್ಮ ಗಂಡನಿಗೆ, ಎಲ್ಲರಿಗೂ ಕೇಳುವಂತೆ, ಹೇಳಿ ಒಳಗೆ ಹೋದರು. ಎದುರುಮನೆಯ ದೊಡ್ಡ ಮನುಷ್ಯರಿಗೆ ಟೈಲರಿನ ಜೊತೆ ಒಂದೇ ಪುಟದಲ್ಲಿ ಇರಲು ನಾಚಿಕೆಯಾಗಿರಬೇಕು, ಅದಕ್ಕೇ ಪುಟವನ್ನೇ ಎತ್ತಿಸಿದ್ದಾರೆ ಎಂದು ಟೈಲರಮ್ಮ ಚಿಲಕ ಹಾಕಿಕೊಂಡಳು. ಅತ್ತೆ ಮಗಳನ್ನು ಕರೆದು, ನಾಳೆಯಿಂದ ತನ್ನ ಬಟ್ಟೆ ಒಣಗಲು ಮಹಡಿಗೆ ಹೋಗಬಾರದು, ಕಿಟಕಿಗೆ ಹಗ್ಗ ಕಟ್ಟಬೇಕು, ಮೆಟ್ಟಿಲ ಮೇಲೆ ಕಂಡವರ ಮುಖ ನೋಡುವ ಕರ್ಮ ತನಗೆ ಬೇಡ ಎಂದರು. ಆಮೇಲೆ ಅವರ ಬಾಗಿಲೂ ಮುಚ್ಚಿತು.

ಮೇಷ್ಟ್ರು ಒಬ್ಬರೇ ನಿಂತಿದ್ದಾಗ ಫೋನ್ ಬಡಿದುಕೊಂಡಿತು. ಗೈಡ್. ದನಿಯಲ್ಲಿ ಎಂದೂ ಇಲ್ಲದ ಉತ್ಸಾಹ.

"ನಿನ್ನ ಅದೃಷ್ಟ ನೋಡಯ್ಯಾ. ನಿನ್ನ ಪ್ರಬಂಧದ ಪರೀಕ್ಷಕರು ಇನ್ಯಾರದೋ ಮೌಖಿಕ ಪರೀಕ್ಷೆಗೆ ಅಂತ ಬಂದು ಇಲ್ಲೇ ಕೂತಿದ್ದಾರೆ. ನಾನು ವಿಷಯ ಹೇಳಿದೆ, ಬಹಳ ಹಿಡಿಸಿದೆ ಅವರಿಗೆ. ಆದರೆ ಹೆಸರಿಲ್ಲದ ಹಿರಿಯ ಮಹಿಳೆಯನ್ನ ಹೇಗೆ ನಂಬೋದು ಅಂತಾರೆ. ಅದಕ್ಕೆ ನಾಳೆ ಬೆಳಿಗ್ಗೆ ಬಂದು ನಿಮ್ಮ ಮೆಟ್ಟಿಲ ಮೇಲೆ ಕೂತು, ನಿಮ್ಮೋರು ಹೇಗೆ ಮಾತಾಡ್ಕೋತಾರೆ ಅಂತ ಅವರೇ ಕಿವಿಯಾರ ಕೇಳ್ತಾರಂತೆ. ಅದೊಂದು ಕೇಳಿಸ್ಕೊಂಡ್ರೆ ಸಾಕು, ಡಿಗ್ರಿ ಬಂದ ಹಾಗೆ."

ಮೇಷ್ಟ್ರು ಮೇಲೆ ನೋಡಿದರು. ಪಿಟೀಲಿಲ್ಲ, ರೇಡಿಯೋ ಇಲ್ಲ, ಮೆಷಿನ್ನಿನ ಸದ್ದಿಲ್ಲ. ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳಬಾರದೆಂದು ಹಟ ತೊಟ್ಟಂತೆ ಇಡೀ ಕಟ್ಟಡ ಮೌನವಾಗಿತ್ತು.

"ಏನಯ್ಯಾ, ಅಷ್ಟೊಂದು ನಿಶ್ಶಬ್ದವಾಗಿದೆ," ಎಂದರು ಗೈಡ್. "ಲೈಬ್ರರಿಯಲ್ಲಿ ಇದ್ದೀಯೇನು?"

"ಇಲ್ಲ ಸರ್," ಎಂದರು ಮೇಷ್ಟ್ರು. "ನಮ್ಮ ಮೆಟ್ಟಿಲ ಹತ್ತಿರ."